ಮಾತ್ರೆ, ಬಸ್‌ಚಾರ್ಜು, ಪಂಚಾಯಿತಿ ನಿರ್ಣಯ: ಮಾನಸಿಕ ಆರೋಗ್ಯ ಸೇವೆಗೆ ಸ್ಥಳೀಯ ಹಣ ಹೊಂದಿಸಿದ ನನ್ನ ಅನುಭವ

ಕರ್ನಾಟಕದ ಒಂದು ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಬಳಿ ಆಪ್ತಸಮಾಲೋಚನೆಯ ಬಗ್ಗೆ, ಕುಟುಂಬದವರೊಂದಿಗೆ ಮಾತನಾಡುವ ಕ್ರಮದ ಬಗ್ಗೆ ಕೇಳುತ್ತಾರೆಯೇ ಹೊರತು ಹಣದ ಬಗ್ಗೆ ಕೇಳುವವರು ವಿರಳ. ಆದರೆ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆಯಂಥ ದೀರ್ಘಕಾಲದ ತೊಂದರೆ ಇರುವ ವ್ಯಕ್ತಿಯೊಬ್ಬರು ತಮ್ಮ ಊರಿನಲ್ಲಿ, ತಮ್ಮ ಮನೆಯವರ ನಡುವೆಯೇ ಇದ್ದು ಚೇತರಿಸಿಕೊಳ್ಳಬೇಕಾದರೆ ತಿಂಗಳು ತಪ್ಪದೆ ಮಾತ್ರೆ ಸಿಗಬೇಕು, ತಾಲ್ಲೂಕು ಆಸ್ಪತ್ರೆಗೆ ಬಂದು ಹೋಗಲು ಬಸ್‌ಚಾರ್ಜು ಇರಬೇಕು, ಬಾರದೆ ಹೋದಾಗ ಯಾಕೆ ಬರಲಿಲ್ಲವೆಂದು ಮನೆ ಬಾಗಿಲಿಗೆ ಹೋಗಿ ವಿಚಾರಿಸುವವರು ಒಬ್ಬರಿರಬೇಕು. ಈ ಮೂರಕ್ಕೂ ಹಣ ಬೇಕು. ಮೂರರ ಹಣವೂ ಬೇರೆ ಬೇರೆ ಸಮಿತಿಗಳ ಕೈಯಲ್ಲಿದೆ. ಆ ಸಮಿತಿಗಳು ಯಾವ ತಿಂಗಳಲ್ಲಿ ಸೇರುತ್ತವೆ, ಯಾವ ಶೀರ್ಷಿಕೆಯಡಿ ಹಣ ಕೊಡಬಲ್ಲವು, ಯಾವ ಕಾಗದ ಇಲ್ಲದಿದ್ದರೆ ಕೊಡಲಾರವು ಎಂಬುದನ್ನು ತಿಳಿದುಕೊಳ್ಳುವುದು ನಮ್ಮ ಚಿಕಿತ್ಸಾ ಕೆಲಸದ ಒಂದು ಭಾಗವೆಂದೇ ನಾನು ನಂಬಿದ್ದೇನೆ. ಸಣ್ಣ ಮೊತ್ತವೇ ಆದರೂ ಸಮಯಕ್ಕೆ ಸರಿಯಾಗಿ, ಪ್ರತಿ ತಿಂಗಳೂ ಬರುವ ಹಣವು ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ಹೆಚ್ಚು ಜನರನ್ನು ಚಿಕಿತ್ಸೆಯಲ್ಲಿ ಉಳಿಸಿದ್ದನ್ನು ನಾನು ಕಂಡಿದ್ದೇನೆ.

ಈ ವ್ಯವಸ್ಥೆಯ ಬೇರು ನಮ್ಮ ರಾಜ್ಯದಲ್ಲಿಯೇ ಇದೆ. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಘಟಕವನ್ನು ನಡೆಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಸಾಮಾನ್ಯ ಆರೋಗ್ಯ ವ್ಯವಸ್ಥೆಯೊಳಗೇ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ನೀಡಬಹುದೆಂದು ತೋರಿಸಿಕೊಟ್ಟಿತು. ಅದೇ 'ಬಳ್ಳಾರಿ ಮಾದರಿ'. 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಆಧಾರ. ಈಗ ಈ ಕಾರ್ಯಕ್ರಮ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಸಾಂಕ್ರಾಮಿಕ ರೋಗಗಳ ನಿಧಿಯೊಳಗೆ ಸೇರಿದೆ; ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40.

ಒಂದು ಜಿಲ್ಲೆಗೆ ವರ್ಷಕ್ಕೆ ಗರಿಷ್ಠ 83.2 ಲಕ್ಷ ರೂಪಾಯಿಯವರೆಗೆ ನೆರವು ನೀಡಬಹುದೆಂದು ಕಾರ್ಯಕ್ರಮದ ಮಾರ್ಗಸೂಚಿಯಲ್ಲಿದೆ. ಈ ಅಂಕಿಯನ್ನು ಕೇಳಿದವರು ಹಣ ಸಾಕಷ್ಟಿದೆ ಎಂದುಕೊಳ್ಳುತ್ತಾರೆ. ಆದರೆ ಅದು ಗರಿಷ್ಠ ಮಿತಿ. ಜಿಲ್ಲೆಯ ಖಾತೆಗೆ ತಾನಾಗಿ ಬಂದು ಬೀಳುವ ಮೊತ್ತವಲ್ಲ. ಮನೋವೈದ್ಯರು, ಚಿಕಿತ್ಸಾ ಮನಃಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಶುಶ್ರೂಷಕರು, ದಾಖಲಾತಿ ಸಹಾಯಕರು ಹೀಗೆ ತಂಡದ ಗೌರವಧನಕ್ಕೇ ಬಹುಪಾಲು ಹೋಗುತ್ತದೆ. ಉಳಿದದ್ದರಲ್ಲಿ ತರಬೇತಿ, ಪ್ರಚಾರ, ಔಷಧಿ, ಪ್ರಯಾಣ ಎಲ್ಲವೂ ಬರಬೇಕು, ಮತ್ತು ಒಂದೊಂದಕ್ಕೂ ಅದರದೇ ಆದ ಸಾಲು ವಾರ್ಷಿಕ ಯೋಜನೆಯಲ್ಲಿ ಇರಬೇಕು. ಸಾಲು ಇಲ್ಲದ ಖರ್ಚಿಗೆ ಹಣವಿಲ್ಲ.

ಈ ಸಾಲುಗಳನ್ನು ಬರೆಯುವ ಕೆಲಸಕ್ಕೆ ನಮ್ಮಲ್ಲಿ 'ಪಿಐಪಿ' ಎಂದೇ ಹೆಸರು: ಅನುಷ್ಠಾನ ಯೋಜನೆಯ ಪ್ರಸ್ತಾವ. ತಾಲ್ಲೂಕುಗಳಿಂದ ಬೇಡಿಕೆ ಬಂದು, ಜಿಲ್ಲಾ ಆರೋಗ್ಯ ಸಂಘದಲ್ಲಿ ಒಟ್ಟಾಗಿ, ರಾಜ್ಯಕ್ಕೆ ಹೋಗಿ, ರಾಜ್ಯದಿಂದ ಕೇಂದ್ರಕ್ಕೆ ಹೋಗಿ, ಅನುಮೋದನೆಯ ನಡವಳಿಯಾಗಿ ಹಿಂದಿರುಗುತ್ತದೆ. 2022ರಿಂದ ಎರಡು ವರ್ಷಕ್ಕೆ ಒಟ್ಟಿಗೇ ಯೋಜನೆ ಬರೆಯುವ ಕ್ರಮ ಬಂದ ಮೇಲೆ ಒಮ್ಮೆ ಬಿಟ್ಟುಹೋದ ಸಾಲಿಗೆ ಮತ್ತೆ ಜಾಗ ಸಿಗುವುದು ಇನ್ನಷ್ಟು ಕಷ್ಟವಾಗಿದೆ. ಆದ್ದರಿಂದ ಮಳೆಗಾಲ ಮುಗಿಯುವ ಹೊತ್ತಿಗೇ ನಾನು ತಾಲ್ಲೂಕು ಆಸ್ಪತ್ರೆಗಳ ಅಂಕಿಅಂಶಗಳನ್ನು ಕಲೆಹಾಕಲು ತೊಡಗುತ್ತೇನೆ. ಪತ್ರ ಬಂದ ಮೇಲೆ ಎರಡು ದಿನದಲ್ಲಿ ತುಂಬಿ ಕಳಿಸಿದ ನಮೂನೆಯಲ್ಲಿ ಹಿಂದಿನ ವರ್ಷದ ಅಂಕಿಗಳೇ ಶೇ. 10ರಷ್ಟು ಹೆಚ್ಚಾಗಿ ಕುಳಿತಿರುತ್ತವೆ. ಅಂಥ ಪ್ರಸ್ತಾವವನ್ನು ಓದುವವರಿಗೂ ಅದು ತಿಳಿಯುತ್ತದೆ, ಕತ್ತರಿ ಮೊದಲು ಬೀಳುವುದು ಅಲ್ಲಿಗೇ.

ವಾಹನ ಬಾಡಿಗೆಯ ಸಾಲನ್ನು ಉಳಿಸಿಕೊಂಡ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ದೊರೆಯುತ್ತದೆ. ನಮ್ಮ ತಂಡ ಅಲ್ಲಿಗೆ ಹೋಗಬೇಕಾದರೆ ವಾಹನ ಬೇಕು. ಒಂದು ವರ್ಷ ಜಿಲ್ಲಾ ಮಟ್ಟದ ಪರಿಶೀಲನಾ ಸಭೆಯಲ್ಲಿ, ಇರುವ ವಾಹನಗಳನ್ನೇ ಹಂಚಿಕೊಂಡು ಬಳಸಬಹುದಲ್ಲ ಎಂಬ ಸಲಹೆ ಬಂತು. ಕಾರ್ಯಕ್ರಮದ ಮಹತ್ವದ ಬಗ್ಗೆ ಭಾಷಣ ಮಾಡಿದ್ದರೆ ಆ ಸಲಹೆ ಅಲ್ಲಿಗೇ ತೀರ್ಮಾನವಾಗಿಬಿಡುತ್ತಿತ್ತು. ಬದಲಿಗೆ ಒಂದೇ ಹಾಳೆ ಇಟ್ಟೆ. ಅದರ ಒಂದು ಬದಿಯಲ್ಲಿ ತಾಲ್ಲೂಕುವಾರು ಮಂಗಳವಾರಗಳು, ಯಾವ ವಾರ ತಂಡ ಹೋಗಿತ್ತು, ಯಾವ ವಾರ ವಾಹನವಿಲ್ಲದೆ ಹೋಗಲಾಗಲಿಲ್ಲ ಎಂಬುದು. ಇನ್ನೊಂದು ಬದಿಯಲ್ಲಿ, ತಂಡ ಹೋಗದ ವಾರಗಳಲ್ಲಿ ಬರಿಗೈಲಿ ಹಿಂದಿರುಗಿದವರಲ್ಲಿ ಎಷ್ಟು ಮಂದಿ ಮುಂದಿನ ತಿಂಗಳು ಬರಲೇ ಇಲ್ಲ, ಅವರಲ್ಲಿ ಎಷ್ಟು ಮಂದಿ ನಂತರ ಜಿಲ್ಲಾಸ್ಪತ್ರೆಯಲ್ಲಿ ಒಳರೋಗಿಗಳಾಗಿ ದಾಖಲಾದರು ಎಂಬುದು. ಹಣಕಾಸು ನೋಡಿಕೊಳ್ಳುವ ಅಧಿಕಾರಿ ಎರಡೂ ಬದಿಯನ್ನು ಓದಿ, ಒಳರೋಗಿಯೊಬ್ಬರಿಗೆ ತಗಲುವ ಖರ್ಚನ್ನು ತಾವೇ ಲೆಕ್ಕ ಹಾಕಿ, ಬಾಡಿಗೆಯ ಸಾಲು ಇರಲಿ ಎಂದರು. ಆ ಹಾಳೆಯ ನಮೂನೆಯನ್ನು ಅಂದಿನಿಂದ ಬದಲಾಯಿಸಿಲ್ಲ.

ಅಂಕಿಅಂಶದ ವಿಷಯದಲ್ಲಿ ಇನ್ನೊಂದು ತೊಡಕನ್ನೂ ಹೇಳಬೇಕು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ಚಿಕಿತ್ಸೆ ಬೇಕಾಗಿಯೂ ಪಡೆಯದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟಿದೆ. ಈ ಸಮೀಕ್ಷೆ ನಡೆಸಿದ್ದು ನಮ್ಮದೇ ನಿಮ್ಹಾನ್ಸ್. ಆದರೆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹಾಗಾಗಿ 'ನಮ್ಮ ಜಿಲ್ಲೆಯ ಅಂಕಿ ಎಷ್ಟು?' ಎಂದು ಸಭೆಯಲ್ಲಿ ಕೇಳಿದರೆ ಆ ವರದಿಯ ಶೇಕಡಾವಾರನ್ನು ನಮ್ಮ ಜನಸಂಖ್ಯೆಯಿಂದ ಗುಣಿಸಿ ಹೇಳುವುದು ನನಗೆ ಸರಿಯೆನಿಸದು. ನಮ್ಮದೇ ನೋಂದಣಿ ಪುಸ್ತಕಗಳಲ್ಲಿರುವ ಹೆಸರುಗಳನ್ನು ಗ್ರಾಮ ಪಂಚಾಯಿತಿವಾರು ವಿಂಗಡಿಸಿ, ಅಷ್ಟನ್ನು ಮಾತ್ರ ಹೇಳುತ್ತೇನೆ. ಅದು ಚಿಕ್ಕ ಸಂಖ್ಯೆ. ಆದರೆ ಆ ಸಂಖ್ಯೆಯ ಹಿಂದೆ ನಾವು ಭೇಟಿಯಾದ ಜನರಿದ್ದಾರೆ, ಮತ್ತು ಪಂಚಾಯಿತಿಯ ಮಟ್ಟದಲ್ಲಿ ಮುಂದೆ ಕೇಳಬೇಕಾದ ಎಲ್ಲಕ್ಕೂ ಆ ವಿಂಗಡಣೆಯೇ ಆಧಾರವಾಗುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಮೊದಲು ಮಾಡಬೇಕಾದದ್ದು ಇದನ್ನೇ ಎಂದು ನಾನು ಹೇಳುತ್ತೇನೆ: ನೋಂದಣಿ ಪುಸ್ತಕದಲ್ಲಿ ಊರಿನ ಹೆಸರಿನ ಪಕ್ಕ ಗ್ರಾಮ ಪಂಚಾಯಿತಿಯ ಹೆಸರಿಗೂ ಒಂದು ಕಾಲಂ ಇರಬೇಕು.

ಔಷಧಿಯ ವಿಷಯಕ್ಕೆ ಬರುತ್ತೇನೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್, ಸರ್ಕಾರ ನಡೆಸುವ ಅಥವಾ ಸರ್ಕಾರದ ನೆರವಿನಿಂದ ನಡೆಯುವ ಸೇವೆಯನ್ನು ಪಡೆಯುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಿಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯಬೇಕೆಂದೂ ಹೇಳಿದೆ. ಔಷಧಿ ಸಾಮಾನ್ಯವಾಗಿ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಬರುತ್ತದೆ. ಬಹಳಷ್ಟು ತಿಂಗಳು ಸರಿಯಾಗಿಯೇ ಬರುತ್ತದೆ. ಆದರೆ ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಇದ್ದು, ಅದರ ಅಡ್ಡಪರಿಣಾಮ ತಗ್ಗಿಸುವ ಟ್ರೈಹೆಕ್ಸಿಫೆನಿಡಿಲ್ ಇಲ್ಲದ ತಿಂಗಳು ಬಂದರೆ ಕೈನಡುಕ, ಮೈಬಿಗಿತದಂಥ ಅಡ್ಡಪರಿಣಾಮ ತಾಳಲಾರದೆ ಕೆಲವರು ಎಲ್ಲ ಮಾತ್ರೆಗಳನ್ನೂ ಬಿಟ್ಟುಬಿಡುತ್ತಾರೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಇಲ್ಲದ ತಿಂಗಳಿನಲ್ಲಿ ಖಾಸಗಿ ಅಂಗಡಿಯಲ್ಲಿ ಕೊಂಡುಕೊಳ್ಳಿ ಎಂದರೆ ಕೊಳ್ಳಲಾಗದವರೇ ಹೆಚ್ಚು. ಎಷ್ಟೋ ವರ್ಷ ನೆಮ್ಮದಿಯಿಂದಿದ್ದವರಲ್ಲಿ ಕಾಯಿಲೆ ಮರುಕಳಿಸಲು ಇಂಥ ಒಂದು ತಿಂಗಳ ಅಂತರ ಸಾಕು.

ಈ ಅಂತರವನ್ನು ತುಂಬಲು ನಮಗೆ ನೆರವಾದದ್ದು ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ. ಆಸ್ಪತ್ರೆಯ ಬಳಕೆದಾರರ ಶುಲ್ಕ ಮತ್ತು ಆರೋಗ್ಯ ಅಭಿಯಾನದ ಮುಕ್ತ ನಿಧಿ (ಇಂಥದ್ದಕ್ಕೇ ಎಂದು ಮೊದಲೇ ಗೊತ್ತುಮಾಡಿರದ ಹಣ) ಈ ಸಮಿತಿಯ ಕೈಯಲ್ಲಿರುತ್ತದೆ. ಸರಬರಾಜು ತಡವಾದಾಗ ತುರ್ತು ಔಷಧಿಯನ್ನು ಸ್ಥಳೀಯವಾಗಿ ಖರೀದಿಸಲು ಅದು ಹಣ ಕೊಡಬಲ್ಲದು. ಆದರೆ ಅಲ್ಲಿ 'ತುರ್ತು' ಎಂದರೆ ಹಾವು ಕಡಿತ, ನಾಯಿ ಕಡಿತ, ಹೆರಿಗೆ ಎಂಬ ತಿಳಿವಳಿಕೆ ಗಟ್ಟಿಯಾಗಿತ್ತು. ಫಾರ್ಮಸಿ ಅಧಿಕಾರಿಯವರು ಮತ್ತು ನಾನು ಕುಳಿತು, ಯಾವ ಔಷಧಿ ತಿಂಗಳಿಗೆ ಎಷ್ಟು ಮಾತ್ರೆ ಖರ್ಚಾಗುತ್ತದೆ, ದಾಸ್ತಾನು ಎಷ್ಟು ದಿನಕ್ಕೆ ಬರುತ್ತದೆ ಎಂಬ ಪಟ್ಟಿಯನ್ನು ಮಾಡಿದೆವು. ಯಾವುದೇ ಔಷಧಿಯ ದಾಸ್ತಾನು ಒಂದು ತಿಂಗಳ ಬಳಕೆಗಿಂತ ಕೆಳಗಿಳಿದರೆ ಆಡಳಿತ ವೈದ್ಯಾಧಿಕಾರಿಗಳು ಸಮಿತಿಯ ಮುಂದಿನ ಸಭೆಗೆ ಕಾಯದೆ ಖರೀದಿಸಿ, ನಂತರ ಘಟನೋತ್ತರ ಅನುಮೋದನೆ ಪಡೆಯಬಹುದೆಂದು ಸಮಿತಿ ನಿರ್ಣಯ ಮಾಡಿತು. ಆ ಒಂದು ನಿರ್ಣಯದಿಂದ ಆದ ಉಪಕಾರ ದೊಡ್ಡದು. ಖರ್ಚಾದದ್ದು ತೀರ ಕಡಿಮೆ, ಏಕೆಂದರೆ ಈ ಔಷಧಿಗಳ ಜೆನೆರಿಕ್ ರೂಪಗಳು ಅಗ್ಗ. ಬೇಕಾಗಿದ್ದು ಮೊತ್ತಕ್ಕಿಂತ ಹೆಚ್ಚಾಗಿ ಅಧಿಕಾರ. ಕಾಯ್ದೆಯ 18ನೇ ಸೆಕ್ಷನ್ನಿನ ಕನ್ನಡ ಸಾರಾಂಶವನ್ನು ನಿರ್ಣಯದ ಟಿಪ್ಪಣಿಗೆ ಲಗತ್ತಿಸಿದ್ದೆವು. ಲೆಕ್ಕಪರಿಶೋಧನೆಯ ವೇಳೆ ಆ ಲಗತ್ತೇ ಸಾಕ್ಷಿಯಾಯಿತು.

ಇಷ್ಟಾದರೂ ಔಷಧಿ ಇರುವುದು ಆಸ್ಪತ್ರೆಯಲ್ಲಿ, ಜನ ಇರುವುದು ಊರಿನಲ್ಲಿ. ನನ್ನ ಅನುಭವದಲ್ಲಿ ಹೆಚ್ಚು ಕಲಿತದ್ದು ಗ್ರಾಮ ಪಂಚಾಯಿತಿಗಳಿಂದ, ಹೆಚ್ಚು ತಾಳ್ಮೆ ಬೇಕಾದದ್ದೂ ಅಲ್ಲಿಯೇ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ವಿಶೇಷಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ಮನೆ ಕಂದಾಯ, ನೀರಿನ ಕರ, ಅಂಗಡಿ ಬಾಡಿಗೆ, ಸಂತೆ ಸುಂಕ ಇವೆಲ್ಲ ಸೇರಿ ಸ್ವಂತ ಸಂಪನ್ಮೂಲ. ಕರ ವಸೂಲಿ ಚೆನ್ನಾಗಿರುವ ಪಂಚಾಯಿತಿಯಲ್ಲಿ ಈ ಶೇ. 5 ಗಣನೀಯ ಮೊತ್ತ. ಇಲ್ಲದ ಕಡೆ ಕೈಬೆರಳೆಣಿಕೆಯ ಜನರಿಗೆ ಮಾತ್ರ ಸಾಕಾಗುವಷ್ಟು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ಅಂಗವಿಕಲತೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಹಾಗಿದ್ದರೂ ನಾನು ನೋಡಿದ ಶೇ. 5ರ ವಹಿಗಳಲ್ಲಿ ತ್ರಿಚಕ್ರ ವಾಹನ, ವಾಕರ್, ಶ್ರವಣ ಸಾಧನ, ಹೊಲಿಗೆ ಯಂತ್ರಗಳ ನಮೂದುಗಳಿದ್ದವೇ ಹೊರತು ಮಾನಸಿಕ ಕಾಯಿಲೆಯಿಂದ ಬಳಲುವವರಿಗಾಗಿ ಒಂದು ಸಾಲೂ ಇರಲಿಲ್ಲ. ಇದಕ್ಕೆ ದುರುದ್ದೇಶ ಕಾರಣವಲ್ಲ. ಯಾರೂ ಕೇಳಿರಲಿಲ್ಲ, ಕೇಳಲು ಬೇಕಾದ ಗುರುತಿನ ಚೀಟಿಯೂ ಯಾರ ಬಳಿಯೂ ಇರಲಿಲ್ಲ.

ಆದ್ದರಿಂದ ಮೊದಲ ಕೆಲಸ ಯುಡಿಐಡಿ ಕಾರ್ಡು, ಅಂದರೆ ವಿಶೇಷಚೇತನರ ವಿಶಿಷ್ಟ ಗುರುತಿನ ಚೀಟಿ. ಮಾನಸಿಕ ಕಾಯಿಲೆಯಿಂದಾದ ಅಂಗವಿಕಲತೆಯನ್ನು 'ಐಡಿಯಾಸ್' ಎಂಬ ಅಳತೆಪಟ್ಟಿಯಿಂದ ನಿರ್ಧರಿಸುತ್ತಾರೆ. ತನ್ನ ಆರೈಕೆಯನ್ನು ತಾನೇ ಮಾಡಿಕೊಳ್ಳುವುದು, ಇತರರೊಂದಿಗಿನ ಸಂಬಂಧ, ಮಾತು ಮತ್ತು ಗ್ರಹಿಕೆ, ದುಡಿಮೆ ಈ ನಾಲ್ಕು ವಿಷಯಗಳಲ್ಲಿ ಆಗಿರುವ ತೊಂದರೆಯನ್ನೂ ಕಾಯಿಲೆಯ ಅವಧಿಯನ್ನೂ ನೋಡಿ ಅಂಕ ಹಾಕುತ್ತಾರೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚಾದರೆ ಬಹುತೇಕ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಈ ಮೌಲ್ಯಮಾಪನಕ್ಕೆ ಜನರನ್ನು ಜಿಲ್ಲಾಸ್ಪತ್ರೆಗೆ ಅಲೆದಾಡಿಸದೆ, ಮನೋವೈದ್ಯರು ತಾಲ್ಲೂಕಿಗೆ ಬರುವ ಮಂಗಳವಾರಗಳಲ್ಲಿಯೇ ನಡೆಸಲು ಏರ್ಪಾಡು ಮಾಡಿಕೊಂಡೆವು. ಅರ್ಜಿ ತುಂಬುವುದು, ಆಧಾರ್ ಮತ್ತು ಫೋಟೊ ಜೋಡಿಸುವುದು ಎಲ್ಲವನ್ನೂ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಾಡಿಕೊಟ್ಟರು. ವಿಆರ್‌ಡಬ್ಲ್ಯು ಎಂದು ಎಲ್ಲರೂ ಕರೆಯುವ ಈ ಕಾರ್ಯಕರ್ತರು ಬಹುಪಾಲು ತಾವೇ ವಿಶೇಷಚೇತನರು; ಗೌರವಧನ ಕಡಿಮೆ, ಓಡಾಟ ಹೆಚ್ಚು. ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡವು ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಊರಿನಲ್ಲಿಯೇ ಅನುಸರಿಸಿ ಚಿಕಿತ್ಸೆ ಮುಂದುವರಿಸಿದ ಕೆಲಸವನ್ನು ಓದಿದಾಗಲೇ, ಮನೆ ಬಾಗಿಲಿಗೆ ಹೋಗುವ ಸ್ಥಳೀಯರೊಬ್ಬರಿಲ್ಲದೆ ಈ ಕೆಲಸ ಸಾಗದೆಂಬುದು ನನಗೆ ಮನವರಿಕೆಯಾಗಿತ್ತು.

ಒಂದು ಪಂಚಾಯಿತಿಯ ಸಾಮಾನ್ಯ ಸಭೆಯನ್ನು ಇಲ್ಲಿ ವಿವರಿಸುತ್ತೇನೆ. ಪಿಡಿಒ ಅವರು ಕಾರ್ಯಸೂಚಿಯ ಕೊನೆಯಲ್ಲಿ ನಮ್ಮ ವಿಷಯವನ್ನು ಸೇರಿಸಿದ್ದರು. ಕುಡಿಯುವ ನೀರು, ಬೀದಿದೀಪ, ಚರಂಡಿ ಎಲ್ಲ ಮುಗಿದ ಮೇಲೆ ನನ್ನ ಸರದಿ ಬಂತು. ಮಾನಸಿಕ ಕಾಯಿಲೆ ಇರುವ ಆ ಊರಿನ ಹುಡುಗನೊಬ್ಬನಿಗೆ ಶೇ. 5ರ ಹಣದಿಂದ ನೆರವು ಕೇಳುವುದೇ ಆ ವಿಷಯ. ಅದನ್ನು ಕೇಳಿದ ಹಿರಿಯ ಸದಸ್ಯರೊಬ್ಬರು, 'ಮೇಡಂ, ಆ ಹುಡುಗನ ಕೈಕಾಲೆಲ್ಲ ಗಟ್ಟಿಯಾಗಿದೆ. ಅವನಿಗೆ ಅಂಗವಿಕಲರ ದುಡ್ಡು ಕೊಟ್ಟರೆ ನಾಳೆ ಊರವರು ನಮ್ಮನ್ನ ನಿಲ್ಲಿಸಿ ಕೇಳ್ತಾರೆ' ಎಂದರು. ಅವರ ಮಾತಿನಲ್ಲಿ ತಿರಸ್ಕಾರವಿರಲಿಲ್ಲ. ಮತ ಹಾಕಿದವರಿಗೆ ಉತ್ತರ ಹೇಳಬೇಕಾದವರ ನಿಜವಾದ ಕಷ್ಟವಿತ್ತು. ನಾನು ಕಾಯ್ದೆಯ ಪಟ್ಟಿಯನ್ನು ತೋರಿಸಿದೆ. ಆದರೆ ಸಭೆಯ ಮನಸ್ಸನ್ನು ಬದಲಿಸಿದ್ದು ಕಾಯ್ದೆಗಿಂತ ಹೆಚ್ಚಾಗಿ ಸದಸ್ಯೆಯೊಬ್ಬರ ಮಾತು. ಆ ಹುಡುಗನ ತಾಯಿ ತಿಂಗಳಿಗೊಮ್ಮೆ ಅವನನ್ನು ಆಸ್ಪತ್ರೆಗೆ ಕರೆದೊಯ್ಯುವುದನ್ನು ಅವರು ಬಲ್ಲರು. 'ಅವ್ವನಿಗೆ ಬಸ್ಸು ಫ್ರೀ, ಮಗನಿಗೆ ಟಿಕೆಟ್ಟು. ಹೋಗಿ ಬರೋ ಅಷ್ಟರಲ್ಲಿ ಅವಳ ಒಂದು ದಿನದ ಕೂಲಿನೂ ಹೋಯ್ತು' ಎಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರ ಪ್ರಯಾಣದ ಖರ್ಚು ತಪ್ಪಿದೆ, ಅದು ದೊಡ್ಡ ಅನುಕೂಲ. ಆದರೆ ಕಾಯಿಲೆ ಇರುವ ವ್ಯಕ್ತಿ ಗಂಡಸಾಗಿದ್ದರೆ ಅವನ ಬಸ್‌ಚಾರ್ಜು ಉಳಿದೇ ಇದೆ. ಹಣವಿಲ್ಲದ ತಿಂಗಳು ತಾಯಿಯೊಬ್ಬಳೇ ಬಂದು ಮಾತ್ರೆ ಒಯ್ಯುತ್ತಾಳೆ, ವೈದ್ಯರು ಆತನನ್ನು ನೋಡುವುದೇ ಇಲ್ಲ.

ನಿರ್ಣಯ ಬರೆಯುವಾಗ ಎದ್ದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಶೇ. 5ರ ಫಲಾನುಭವಿಗಳ ಪಟ್ಟಿ ಪಂಚಾಯಿತಿಯಲ್ಲಿ ಬಹಿರಂಗವಾಗಿರಬೇಕು, ಗ್ರಾಮಸಭೆಯಲ್ಲಿ ಓದಬೇಕು. ಪಾರದರ್ಶಕತೆಗೆ ಅದು ಬೇಕೇ ಬೇಕು. ಆದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ವ್ಯಕ್ತಿಯ ಕಾಯಿಲೆ ಮತ್ತು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಕೊಟ್ಟಿದೆ. ಮದುವೆಯ ಮಾತುಕತೆ ನಡೆಯುತ್ತಿರುವ ಹೆಣ್ಣುಮಗಳ ಹೆಸರಿನ ಮುಂದೆ 'ಮಾನಸಿಕ ಕಾಯಿಲೆ' ಎಂದು ಸೂಚನಾ ಫಲಕದಲ್ಲಿ ಬರೆದರೆ ಆ ಕುಟುಂಬ ಮರುದಿನದಿಂದ ಪಂಚಾಯಿತಿಯ ನೆರವನ್ನೂ ಆಸ್ಪತ್ರೆಯ ಮಾತ್ರೆಯನ್ನೂ ಎರಡನ್ನೂ ಬಿಡುತ್ತದೆ. ನಾವು ಕಂಡುಕೊಂಡ ದಾರಿ ಹೀಗಿತ್ತು: ಮಾನಸಿಕ ಕಾಯಿಲೆಗೆಂದೇ ಪ್ರತ್ಯೇಕ ನೆರವನ್ನು ಕೇಳದೆ, ನಿಯಮಿತವಾಗಿ ಆಸ್ಪತ್ರೆಗೆ ಹೋಗಬೇಕಾದ ಎಲ್ಲ ವಿಶೇಷಚೇತನರಿಗೂ 'ವೈದ್ಯಕೀಯ ಪ್ರಯಾಣ ನೆರವು' ಎಂಬ ಒಂದೇ ಶೀರ್ಷಿಕೆ. ಥಲಸ್ಸೇಮಿಯಾ, ಹಿಮೋಫೀಲಿಯಾ ಕೂಡ ಅದೇ 21ರ ಪಟ್ಟಿಯಲ್ಲಿವೆ. ರಕ್ತ ಪಡೆಯಲು ಮಕ್ಕಳನ್ನು ಕರೆದೊಯ್ಯುವ ಪೋಷಕರು, ಫಿಸಿಯೊಥೆರಪಿಗೆ ಹೋಗುವವರು, ನಮ್ಮ ರೋಗಿಗಳು ಎಲ್ಲರೂ ಒಂದೇ ಪಟ್ಟಿಯಲ್ಲಿ ಬಂದರು. ಪಟ್ಟಿಯಲ್ಲಿ ಹೆಸರು, ಕಾರ್ಡಿನ ಕೊನೆಯ ಅಂಕಿಗಳು, ಮೊತ್ತ ಇವಿಷ್ಟೇ. ಅಂಗವಿಕಲತೆಯ ಬಗೆಯ ಕಾಲಂ ಇಲ್ಲ. ಆಸ್ಪತ್ರೆಗೆ ಹೋಗಿ ಬಂದದ್ದಕ್ಕೆ ಪುರಾವೆಯಾಗಿ ಹೊರರೋಗಿ ಚೀಟಿಯನ್ನು ಲಗತ್ತಿಸಬೇಕಾದ ಅಗತ್ಯವನ್ನೂ ತಪ್ಪಿಸಿದೆವು. ಚೀಟಿಯಲ್ಲಿ ಔಷಧಿಯ ಹೆಸರುಗಳಿರುತ್ತವೆ. ಅದರ ಬದಲು ದಿನಾಂಕ ಮತ್ತು ಆಸ್ಪತ್ರೆಯ ಮೊಹರು ಮಾತ್ರ ಇರುವ ಪುಟ್ಟ ಹಾಜರಾತಿ ಚೀಟಿಯನ್ನು ತಾಲ್ಲೂಕು ಆಸ್ಪತ್ರೆ ಎಲ್ಲ ವಿಭಾಗಗಳಿಗೂ ಅನ್ವಯವಾಗುವಂತೆ ಕೊಡತೊಡಗಿತು. ಈ ಚೀಟಿಗೆ ಯಾವ ಅನುದಾನವೂ ಬೇಕಾಗಲಿಲ್ಲ.

ಎಲ್ಲ ಪಂಚಾಯಿತಿಗಳೂ ಒಪ್ಪಿದವೆಂದು ಹೇಳಲಾರೆ. ಸ್ವಂತ ಆದಾಯ ತೀರ ಕಡಿಮೆ ಇರುವಲ್ಲಿ ಕೇಳುವುದೇ ಸಂಕೋಚದ ವಿಷಯ. ಕೆಲವೆಡೆ ನಿರ್ಣಯವಾಗಿಯೂ ಹಣ ಬಿಡುಗಡೆಯಾಗಲು ತಿಂಗಳುಗಳು ಹಿಡಿದವು. ಒಂದು ಕಡೆ ವರ್ಷದ ಕೊನೆಯಲ್ಲಿ ಶೇ. 5ರ ಹಣವನ್ನೆಲ್ಲ ಒಂದೇ ಖರೀದಿಯಲ್ಲಿ ಮುಗಿಸಿಬಿಟ್ಟಿದ್ದರು. ಅಂಥ ಕಡೆಗಳಲ್ಲಿ ನಾನು ಮುಂದಿನ ವರ್ಷದ ವಾರ್ಡ್ ಸಭೆಗಳಿಗೇ ಹೋಗುತ್ತೇನೆ. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಗೆ ಅಕ್ಟೋಬರ್ 2ರ ಆಸುಪಾಸಿನಲ್ಲಿ ಸಭೆಗಳು ಆರಂಭವಾಗುತ್ತವೆ. ಆ ಹೊತ್ತಿನಲ್ಲಿ ಬೇಡಿಕೆ ನಡವಳಿ ಪುಸ್ತಕಕ್ಕೆ ಏರಿದರೆ ಆಯವ್ಯಯ ಮಂಡನೆಯ ಹೊತ್ತಿಗೆ ಅದಕ್ಕೊಂದು ಸಾಲು ಸಿಗುತ್ತದೆ. ಮಾರ್ಚ್‌ನಲ್ಲಿ ಹೋಗಿ ಕೇಳಿದರೆ ಎಂಥ ಸಹೃದಯಿ ಪಿಡಿಒ ಕೂಡ ಏನೂ ಮಾಡಲಾರರು. ಬೇಡಿಕೆಯನ್ನು ನಾನು ಮಂಡಿಸುವುದಕ್ಕಿಂತ ಆ ಊರಿನ ಕುಟುಂಬದವರೇ ಮಂಡಿಸುವುದು ಉತ್ತಮ. ಆದರೆ ಅದಕ್ಕೆ ಅವರು ಸಿದ್ಧರಿರಬೇಕು, ಒತ್ತಾಯ ಸಲ್ಲದು. ಹಲವು ಕಡೆ ವಿಶೇಷಚೇತನರ ಸ್ವಸಹಾಯ ಸಂಘದವರು ಎಲ್ಲರ ಪರವಾಗಿ ಕೇಳಿದರು. ಅದು ನನಗೆ ಅತ್ಯಂತ ಸಂತೋಷ ಕೊಟ್ಟ ಬೆಳವಣಿಗೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತ ನಿಧಿ ಬರುತ್ತದೆ. ಇದಕ್ಕೆ ನೂರೆಂಟು ಬೇಡಿಕೆಗಳಿರುವುದರಿಂದ ನಾನು ಇದರಿಂದ ದೊಡ್ಡದೇನನ್ನೂ ಕೇಳುವುದಿಲ್ಲ. ಗೋಡೆಯ ಮೇಲೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆಸಲು, ಕುಟುಂಬದವರ ಸಭೆ ಸೇರಿಸಲು ಬಳಸಿಕೊಂಡದ್ದಿದೆ. ಜಿಲ್ಲಾ ಪಂಚಾಯಿತಿಯ ಮಟ್ಟದಲ್ಲಿ ಹಣವು ರಾಜ್ಯದ ಆಯವ್ಯಯದ 'ಲಿಂಕ್ ಡಾಕ್ಯುಮೆಂಟ್' ಮೂಲಕ ಯೋಜನೆವಾರು ನಿಗದಿಯಾಗಿಯೇ ಬರುವುದರಿಂದ ಅಲ್ಲಿ ಹೊಸದನ್ನು ಸೇರಿಸುವ ಅವಕಾಶ ಕಡಿಮೆ. 2021ರಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಆ ಮಟ್ಟದಲ್ಲಿ ಜನರ ಪರವಾಗಿ ಕೇಳುವವರ ದನಿಯೂ ಇಲ್ಲವಾಯಿತು, ಎಲ್ಲವೂ ಅಧಿಕಾರಿಗಳ ಸಭೆಯಲ್ಲಿಯೇ ತೀರ್ಮಾನವಾಗತೊಡಗಿತು. ಇದು ನಮ್ಮ ಕ್ಷೇತ್ರಕ್ಕೆ ನಷ್ಟವೆಂದೇ ನನ್ನ ಭಾವನೆ. ಸದಸ್ಯರೊಬ್ಬರು ಸಭೆಯಲ್ಲಿ ಎದ್ದು ನಿಂತು ತಮ್ಮ ಊರಿನ ಕುಟುಂಬವೊಂದರ ಸಂಕಟವನ್ನು ಹೇಳುವುದಕ್ಕೂ ನಾನು ಪ್ರಗತಿ ವರದಿಯನ್ನು ಓದುವುದಕ್ಕೂ ಬಹಳ ಅಂತರವಿದೆ.

ಹಗಲು ಆರೈಕೆ ಕೇಂದ್ರದ ಬಗ್ಗೆಯೂ ಒಂದೆರಡು ಮಾತು. ಚೇತರಿಕೆಯ ಹಾದಿಯಲ್ಲಿರುವವರು ಹಗಲಿನಲ್ಲಿ ಬಂದು ಕುಶಲ ಕೆಲಸ, ಓದು, ಆಟ, ಮಾತುಕತೆಯಲ್ಲಿ ತೊಡಗಿ ಸಂಜೆ ಮನೆಗೆ ಮರಳುವ ಇಂಥ ಕೇಂದ್ರಗಳಿಗೆ ರಾಜ್ಯದಲ್ಲಿ 'ಮಾನಸಧಾರಾ' ಎಂಬ ಹೆಸರಿನ ಯೋಜನೆಯಿದೆ. ಸ್ವಯಂಸೇವಾ ಸಂಸ್ಥೆಗಳು ಸರ್ಕಾರದ ನೆರವಿನಿಂದ ನಡೆಸುತ್ತವೆ. ಇಂಥ ಸಂಸ್ಥೆಗಳಿಗೆ ನೆರವಿನ ಕಂತು ಸಕಾಲಕ್ಕೆ ಬರಬೇಕಾದರೆ ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರವು ತಡವಿಲ್ಲದೆ ಹೋಗಬೇಕು. ಸಂಸ್ಥೆಯ ಲೆಕ್ಕಿಗರೊಂದಿಗೆ ಕುಳಿತು ಅದನ್ನು ಸಿದ್ಧಪಡಿಸಿಕೊಡುವುದನ್ನು ನಾನು ನನ್ನ ಕೆಲಸವೆಂದೇ ಪರಿಗಣಿಸಿದ್ದೇನೆ. ಕೇಂದ್ರದ ಬಾಗಿಲು ಒಂದು ತಿಂಗಳು ಮುಚ್ಚಿದರೆ, ಎಷ್ಟೋ ಪ್ರಯತ್ನದಿಂದ ಮನೆಯಿಂದ ಹೊರಬರಲು ಒಪ್ಪಿದವರು ಮತ್ತೆ ಕೋಣೆಯ ಮೂಲೆ ಹಿಡಿಯುತ್ತಾರೆ.

ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯನ್ನು ಕೆಲವರು ಹಣ ಕೊಡುವ ಮಂಡಳಿಯೆಂದು ಭಾವಿಸುತ್ತಾರೆ. ಹಾಗಲ್ಲ. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರಾಗಿ, ಜಿಲ್ಲಾಧಿಕಾರಿಯವರ ಪ್ರತಿನಿಧಿ, ಮನೋವೈದ್ಯರು, ವೈದ್ಯರು ಹಾಗೂ ಮಾನಸಿಕ ಕಾಯಿಲೆಯನ್ನು ಅನುಭವಿಸಿದವರು, ಅವರ ಆರೈಕೆದಾರರು ಅಥವಾ ಸಂಸ್ಥೆಗಳ ಪ್ರತಿನಿಧಿಗಳು ಸದಸ್ಯರಾಗಿರುವ ಈ ಮಂಡಳಿ ಹಕ್ಕುಗಳ ರಕ್ಷಣೆಗಿದೆ. ಆದರೂ ಸೇವೆ ದೊರೆಯದ ಬಗ್ಗೆ ಅಲ್ಲಿ ದೂರು ಸಲ್ಲಿಸಬಹುದೆಂಬ ಸಂಗತಿ ಸ್ಥಳೀಯ ಸಮಿತಿಗಳಿಗೆ ತಿಳಿದಿದ್ದರೆ ಒಳ್ಳೆಯದು. ಅದನ್ನು ನಾನು ಸಭೆಗಳಲ್ಲಿ ಎಚ್ಚರಿಕೆಯ ದನಿಯಲ್ಲಿ ಹೇಳುವುದಿಲ್ಲ. ಮಾಹಿತಿಯಾಗಿ ಟಿಪ್ಪಣಿಯಲ್ಲಿ ಬರೆದಿರುತ್ತೇನೆ.

ಪಿಡಿಒಗಳು ವರ್ಗವಾಗುತ್ತಾರೆ, ಆಡಳಿತ ವೈದ್ಯಾಧಿಕಾರಿಗಳು ಬದಲಾಗುತ್ತಾರೆ, ಪಂಚಾಯಿತಿಗೆ ಹೊಸ ಸದಸ್ಯರು ಬರುತ್ತಾರೆ. ಹಿಂದಿನವರ ಒಳ್ಳೆಯತನದ ಮೇಲೆ ನಿಂತ ಏರ್ಪಾಡು ಅವರೊಂದಿಗೇ ಹೊರಟುಹೋಗುತ್ತದೆ. ಹಾಗಾಗಿ ಪ್ರತಿ ಪಂಚಾಯಿತಿಗೂ ಒಂದು ತೆಳುವಾದ ಕಡತವನ್ನು ಇಟ್ಟುಕೊಂಡಿದ್ದೇನೆ: ಹಿಂದಿನ ನಿರ್ಣಯದ ಸಂಖ್ಯೆ ಮತ್ತು ದಿನಾಂಕ, ಶೇ. 5ರ ಸುತ್ತೋಲೆಯ ಪ್ರತಿ, 21 ಅಂಗವಿಕಲತೆಗಳ ಪಟ್ಟಿ, ಹಾಜರಾತಿ ಚೀಟಿಯ ನಮೂನೆ, ಕಳೆದ ವರ್ಷ ಎಷ್ಟು ಮಂದಿಗೆ ಎಷ್ಟು ನೆರವು ಸಂದಿತು ಮತ್ತು ಅವರಲ್ಲಿ ಎಷ್ಟು ಮಂದಿ ಚಿಕಿತ್ಸೆಯಲ್ಲಿ ಮುಂದುವರಿದಿದ್ದಾರೆ ಎಂಬ ಅರ್ಧ ಪುಟದ ವಿವರ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ಹೊಸ ಪಿಡಿಒ ಅಧಿಕಾರ ವಹಿಸಿಕೊಂಡ ವಾರದಲ್ಲಿ ವಿಆರ್‌ಡಬ್ಲ್ಯು ಜೊತೆ ಹೋಗಿ ಕಡತವನ್ನು ಕೊಡುತ್ತೇನೆ. ಏನನ್ನೂ ಕೇಳದೆ, ಮುಂದಿನ ಸಾಮಾನ್ಯ ಸಭೆಯ ದಿನಾಂಕವನ್ನು ಬರೆದುಕೊಂಡು ಬರುತ್ತೇನೆ.